ಮೊದಲ ದಿನವೇ ಅರ್ಥವಾಗುವ ಪ್ಯಾನೆಲ್: ಶಿಡ್ಲಘಟ್ಟದ ರೀಲಿಂಗ್ ಯಂತ್ರ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದೇ ರೀಲಿಂಗ್. ಶಿಡ್ಲಘಟ್ಟದಲ್ಲಿ ಈ ನೂಲನ್ನು ಚರಕದಲ್ಲೂ ಬಿಚ್ಚುತ್ತಾರೆ, ಕಾಟೇಜ್ ಬೇಸಿನ್‌ನಲ್ಲೂ ಬಿಚ್ಚುತ್ತಾರೆ, ಮಲ್ಟಿಎಂಡ್ ಯಂತ್ರದಲ್ಲೂ ಬಿಚ್ಚುತ್ತಾರೆ. ಇವುಗಳ ಮುಂದಿನ ಹಂತ ಆಟೊಮ್ಯಾಟಿಕ್ ರೀಲಿಂಗ್ ಯಂತ್ರ. ಒಟ್ಟಿಗೆ 400 ಎಳೆ ಸುತ್ತುವ ಯಂತ್ರಗಳೂ ಇದರಲ್ಲಿವೆ. ಗೂಡಿನ ಎಳೆ ಹುಡುಕುವುದು, ಹೊಸ ಗೂಡು ಸೇರಿಸುವುದು, ದಾರದ ದಪ್ಪ ನೋಡುವುದು, ಎಲ್ಲವನ್ನೂ ಯಂತ್ರವೇ ಮಾಡುತ್ತದೆ. ಆಳು ಯಂತ್ರವನ್ನು ನೋಡಿಕೊಳ್ಳಬೇಕು. ನೋಡಿಕೊಳ್ಳಲು ಇರುವ ಕಿಟಕಿಯೇ ಪ್ಯಾನೆಲ್, ಅಂದರೆ ಸ್ಕ್ರೀನು, ಗುಂಡಿಗಳಿರುವ ಫಲಕ.

ಈ ಮಾರ್ಗದರ್ಶಿ ಅಂಥ ಪ್ಯಾನೆಲ್ ಮಾಡುವವರಿಗೆ. ಪಿಎಲ್‌ಸಿ (ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಪ್ರೋಗ್ರಾಂ ಬರೆಯುವ ಡಿಪ್ಲೊಮಾ ಹುಡುಗರಿಗೆ, ಹಳೆ ಯಂತ್ರಕ್ಕೆ ಟಚ್‌ಸ್ಕ್ರೀನ್ ಕೂರಿಸುವ ವರ್ಕ್‌ಶಾಪ್‌ನವರಿಗೆ, ಯಂತ್ರ ಕೊಳ್ಳುವ ಮುಂಚೆ ಏನು ಕೇಳಬೇಕು ಅಂತ ಯೋಚಿಸುವ ಮಾಲೀಕರಿಗೆ. ಉದಾಹರಣೆ ರೀಲಿಂಗ್‌ನದು. ಆದರೆ ತುಮಕೂರಿನ ವಸಂತನರಸಾಪುರದ ಸಿಎನ್‌ಸಿ ಯಂತ್ರಕ್ಕೂ ಕೋಲಾರದ ಪಾಲಿಹೌಸಿನ ಗೊಬ್ಬರ-ನೀರು ಕಂಟ್ರೋಲರಿಗೂ ಇದೇ ಹೆಜ್ಜೆಗಳು ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೀನಿಗೆ ಹೊಸಬರು ಎಂದರೆ ಕೆಲಸಕ್ಕೆ ಹೊಸಬರು ಎಂದಲ್ಲ. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕಿದ ಹೆಂಗಸಿಗೆ ಗೂಡು ಬೆಂದಿದೆಯೋ ಇಲ್ಲವೋ ಮುಟ್ಟಿದರೆ ತಿಳಿಯುತ್ತದೆ. ಆ ತಿಳುವಳಿಕೆಗೆ ಪ್ಯಾನೆಲ್ ಹೊಂದಿಕೊಳ್ಳಬೇಕು. ಅವರು ಪಿಎಲ್‌ಸಿಯ ವಿಳಾಸಗಳಿಗೆ ಹೊಂದಿಕೊಳ್ಳಬೇಕಾದ ಗತಿ ಬರಬಾರದು.

ಹೆಜ್ಜೆ 1: ಲ್ಯಾಪ್‌ಟಾಪ್ ಮುಚ್ಚಿ, ಶೆಡ್ಡಿನಲ್ಲಿ ನಿಲ್ಲಿ

ಒಂದು ಪೂರ್ತಿ ಪಾಳಿ ನಿಲ್ಲಬೇಕು. ಯಂತ್ರ ಶುರುವಾಗುವ ಹೊತ್ತಿಗೆ ಅಲ್ಲಿರಬೇಕು, ನೀರು ಬಸಿದು ತೊಳೆಯುವವರೆಗೂ ಇರಬೇಕು. ಮಧ್ಯಾಹ್ನ ಹೋಗಿ ಹತ್ತು ನಿಮಿಷ ನೋಡಿ ಬಂದರೆ ಓಡುತ್ತಿರುವ ಯಂತ್ರ ಮಾತ್ರ ಕಾಣುತ್ತದೆ. ತೊಂದರೆಗಳು ಇರುವುದು ಶುರುವಿನಲ್ಲಿ, ಗೂಡಿನ ಲಾಟ್ ಬದಲಾಗುವಾಗ, ಕರೆಂಟ್ ಹೋಗಿ ಬಂದಾಗ.

ನೋಟ್‌ಬುಕ್ಕಿನಲ್ಲಿ ಮೂರು ಸಂಗತಿ ಬರೆದುಕೊಳ್ಳಿ. ಕೆಲಸದವರು ಯಾವಾಗ ಏನನ್ನು ನೋಡಿದರು? ಯಾವ ಪ್ರಶ್ನೆ ಕೇಳಿದರು? ಯಾರನ್ನು ಕೂಗಿದರು? ಮೂರನೆಯದು ಬಹಳ ಮುಖ್ಯ. ಮೇಸ್ತ್ರಿಯನ್ನು ಕೂಗಿದ ಪ್ರತಿ ಸಲವೂ ಪ್ಯಾನೆಲ್ ಹೇಳಬೇಕಿದ್ದ ಒಂದು ಮಾತನ್ನು ಮನುಷ್ಯ ಬಂದು ಹೇಳಿದ್ದಾನೆ.

ಕೈಗಳನ್ನೂ ಗಮನಿಸಿ. ರೀಲಿಂಗ್‌ನಲ್ಲಿ ಕೈ ಒದ್ದೆಯಾಗಿರುತ್ತದೆ, ನೀರಿನಲ್ಲಿ ನೆನೆದು ಮೆತ್ತಗಾಗಿರುತ್ತದೆ, ಬೆರಳಿಗೆ ಎಳೆ ಅಂಟಿರುತ್ತದೆ. ಶೆಡ್ಡಿನ ತುಂಬ ಹಬೆ. ಯಂತ್ರದ ಸದ್ದಿಗೆ ಬೀಪ್ ಕೇಳಿಸುವುದು ಕಷ್ಟ. ಇಷ್ಟೂ ನಿಮ್ಮ ವಿನ್ಯಾಸಕ್ಕೆ ಕಚ್ಚಾ ಮಾಲು.

ಹೆಜ್ಜೆ 2: ಯಂತ್ರದ ಭಾಗಗಳ ಪಟ್ಟಿ ಬಿಡಿ, ಕೆಲಸದ ಪಟ್ಟಿ ಮಾಡಿ

ಎಷ್ಟೋ ಪ್ಯಾನೆಲ್‌ಗಳ ಮೊದಲ ಪುಟದಲ್ಲಿ ಹೀಗಿರುತ್ತದೆ: ಮೋಟರ್ 1, ಮೋಟರ್ 2, ಹೀಟರ್, ಪಂಪ್, ವಾಲ್ವ್, ಪ್ಯಾರಾಮೀಟರ್, ಅಲಾರಂ. ಇದು ವೈರಿಂಗ್ ಮಾಡಿದವರ ಮನಸ್ಸಿನ ನಕ್ಷೆ. ಕೆಲಸದವರ ತಲೆಯಲ್ಲಿ ಯಂತ್ರ ಹೀಗೆ ಇರುವುದಿಲ್ಲ. ಅವರ ತಲೆಯಲ್ಲಿ ಇರುವುದು: ನೀರು ತುಂಬಿಸು, ಬಿಸಿ ಮಾಡು, ಗೂಡು ಬೇಯಿಸು, ಎಳೆ ಹಿಡಿ, ಓಡಿಸು, ಕಡಿದರೆ ಸೇರಿಸು, ನಿಲ್ಲಿಸು, ತೊಳೆ. ನಿಮ್ಮ ಮೆನು ಈ ಸಾಲಿನಲ್ಲೇ ಬರಲಿ.

ಆಮೇಲೆ ಪ್ರತಿ ಕೆಲಸದ ಪಕ್ಕದಲ್ಲಿ ಎಷ್ಟು ಸಲ ಮಾಡುತ್ತಾರೆ ಅಂತ ಬರೆಯಿರಿ. ನಿಮಿಷ ನಿಮಿಷಕ್ಕೂ ಮಾಡುವುದು, ಲಾಟಿಗೆ ಒಂದು ಸಲ ಮಾಡುವುದು, ತಿಂಗಳಿಗೊಮ್ಮೆ ಮೆಕ್ಯಾನಿಕ್ ಬಂದಾಗ ಮಾಡುವುದು. ಮೊದಲನೆಯದು ಮುಖಪುಟದಲ್ಲೇ ಇರಬೇಕು. ಎರಡನೆಯದು ಒಂದು ಒತ್ತಿನ ದೂರದಲ್ಲಿ. ಮೂರನೆಯದು ಒಳಗೆ, ಸಾಮಾನ್ಯ ದಿನ ಕಣ್ಣಿಗೇ ಬೀಳದ ಹಾಗೆ. ಹೊಸಬರಿಗೆ ಭಯ ಹುಟ್ಟಿಸುವುದು ಈ ಮೂರನೆಯ ಗುಂಪಿನ ಗುಂಡಿಗಳೇ. ಮುಟ್ಟಿದರೆ ಏನಾಗುತ್ತೋ ಅನ್ನುವ ಭಯದಲ್ಲಿ ಅವರು ಮುಟ್ಟಬೇಕಾದದ್ದನ್ನೂ ಮುಟ್ಟುವುದಿಲ್ಲ.

ಹೆಜ್ಜೆ 3: ಮುಖಪುಟವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ

ಮುಖಪುಟ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಈಗ ಏನು ನಡೀತಿದೆ? ಎಲ್ಲಾ ಸರಿ ಇದೆಯಾ? ನಾನು ಈಗ ಏನು ಮಾಡಬೇಕು? ಐದು ಅಡಿ ದೂರದಿಂದ ನೋಡಿದರೂ ಉತ್ತರ ಸಿಗಬೇಕು.

ಒಂದು ಏಳು ಇಂಚಿನ ಸ್ಕ್ರೀನ್ ಅಂದುಕೊಳ್ಳಿ. ಮೇಲೆ ಪೂರ್ತಿ ಅಗಲಕ್ಕೆ ಒಂದು ಪಟ್ಟಿ. ಅದರಲ್ಲಿ ಒಂದೇ ವಾಕ್ಯ: ‘ನೀರು ಬಿಸಿಯಾಗುತ್ತಿದೆ, ಕಾಯಿರಿ’. ಯಂತ್ರ ತಯಾರಾದ ಮೇಲೆ ಅದೇ ಜಾಗದಲ್ಲಿ ‘ತಯಾರಿದೆ, ಓಡಿಸಬಹುದು’. ಮಧ್ಯದಲ್ಲಿ ಮೂರು ಅಳತೆ: ನೀರಿನ ಬಿಸಿ, ರೀಲಿನ ವೇಗ, ನಿಂತಿರುವ ಎಳೆಗಳು. ಕೆಳಗೆ ದೊಡ್ಡ ಗುಂಡಿ ಎರಡೋ ಮೂರೋ. ಅಷ್ಟೇ.

ಅಳತೆಯನ್ನು ಬರೀ ಅಂಕಿಯಾಗಿ ಕೊಡಬೇಡಿ. ಒಂದು ಅಂಕಿ ಒಳ್ಳೆಯದೋ ಕೆಟ್ಟದ್ದೋ ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಒಂದು ಅಡ್ಡಪಟ್ಟಿ ಎಳೆಯಿರಿ. ಸರಿ ಇರುವ ಭಾಗವನ್ನು ಸ್ವಲ್ಪ ಗಾಢವಾಗಿ ತೋರಿಸಿ, ಈಗ ಇರುವ ಜಾಗಕ್ಕೆ ಒಂದು ಮುಳ್ಳು ಇಡಿ. ಮುಳ್ಳು ಪಟ್ಟಿಯೊಳಗೆ ಇದ್ದರೆ ಸರಿ, ಹೊರಗೆ ಹೋದರೆ ತೊಂದರೆ. ಅಂಕಿ ಪಕ್ಕದಲ್ಲಿ ಚಿಕ್ಕದಾಗಿ ಇರಲಿ, ಮೇಸ್ತ್ರಿಗೆ ಬೇಕಾಗುತ್ತದೆ.

ಹಿನ್ನೆಲೆ ತಿಳಿ ಬೂದು ಬಣ್ಣ ಸಾಕು. ಎಲ್ಲ ಕಡೆ ಹಸಿರು, ನೀಲಿ, ಹಳದಿ ಹೊಳೆಯುತ್ತಿದ್ದರೆ ನಿಜವಾದ ಕೆಂಪು ಬಂದಾಗ ಕಣ್ಣು ಹಿಡಿಯುವುದಿಲ್ಲ. ಬಣ್ಣವನ್ನು ತೊಂದರೆಗೆ ಮೀಸಲಿಡಿ. ಬಣ್ಣದ ಜೊತೆ ಆಕಾರವೂ ಬದಲಾಗಬೇಕು, ಯಾಕಂದ್ರೆ ಕೆಂಪು-ಹಸಿರು ಬೇರೆ ಮಾಡಲಾಗದ ಕಣ್ಣು ಗಂಡಸರಲ್ಲಿ ಅಪರೂಪವೇನಲ್ಲ.

ಹೆಜ್ಜೆ 4: ಹೇಳಿದ್ದು ಬೇರೆ, ಆದದ್ದು ಬೇರೆ

ಈ ಹೆಜ್ಜೆಯನ್ನು ದಯವಿಟ್ಟು ಅವಸರದಲ್ಲಿ ದಾಟಬೇಡಿ.

1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒತ್ತಡ ಇಳಿಸುವ ಒಂದು ರಿಲೀಫ್ ವಾಲ್ವ್ ತೆರೆದೇ ಉಳಿಯಿತು. ಪ್ಯಾನೆಲ್‌ನ ದೀಪ ಮಾತ್ರ ಮುಚ್ಚಿದೆ ಅನ್ನುವಂತೆ ತೋರಿಸುತ್ತಿತ್ತು. ಆ ದೀಪಕ್ಕೆ ಸಿಕ್ಕಿದ್ದು ವಾಲ್ವಿಗೆ ಹೋದ ಆಜ್ಞೆಯ ಸುದ್ದಿ. ವಾಲ್ವ್ ನಿಜಕ್ಕೂ ಮುಚ್ಚಿತಾ ಅನ್ನುವುದು ದೀಪಕ್ಕೆ ಗೊತ್ತೇ ಇರಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ತಂಪು ಮಾಡುವ ನೀರು ಹೊರಹೋಯಿತು. ಮೊದಲ ಕೆಲವೇ ನಿಮಿಷದಲ್ಲಿ ನೂರಕ್ಕೂ ಹೆಚ್ಚು ಅಲಾರಂ ಬಡಿದುಕೊಂಡವು. ಅಷ್ಟು ಗದ್ದಲದಲ್ಲಿ ಯಾವುದು ಮುಖ್ಯ ಅಂತ ಯಾರಿಗೆ ಹೊಳೆಯಬೇಕು?

ನಮ್ಮ ರೀಲಿಂಗ್ ಶೆಡ್ಡಿನಲ್ಲೂ ಇದೇ ವಿಷಯ ಸಣ್ಣ ಗಾತ್ರದಲ್ಲಿ ಇದೆ. ಹಬೆಯ ವಾಲ್ವಿಗೆ ಪಿಎಲ್‌ಸಿ ಆಜ್ಞೆ ಕೊಟ್ಟ ಕೂಡಲೇ ಸ್ಕ್ರೀನಿನಲ್ಲಿ ‘ವಾಲ್ವ್ ತೆರೆದಿದೆ’ ಅಂತ ಬರುತ್ತದೆ. ವಾಲ್ವ್ ಸಿಕ್ಕಿಕೊಂಡಿದ್ದರೆ? ಬಾಯ್ಲರಿನಲ್ಲಿ ಹಬೆಯೇ ಇಲ್ಲದಿದ್ದರೆ? ಹೊಸಬರು ಸ್ಕ್ರೀನನ್ನು ನಂಬಿ ಕಾಯುತ್ತಾ ನಿಲ್ಲುತ್ತಾರೆ.

ಆದ್ದರಿಂದ ಹೀಗೆ ಮಾಡಿ. ವಾಲ್ವಿಗೆ ಲಿಮಿಟ್ ಸ್ವಿಚ್ (ವಾಲ್ವ್ ನಿಜಕ್ಕೂ ತೆರೆದಿದೆಯಾ ಅಂತ ತಿಳಿಸುವ ಸ್ವಿಚ್) ಇದ್ದರೆ ಅದರ ಸುದ್ದಿಯನ್ನೇ ತೋರಿಸಿ. ಇಲ್ಲದಿದ್ದರೆ ಪರಿಣಾಮವನ್ನು ನೋಡಿ ಹೇಳಿ: ವಾಲ್ವ್ ತೆರೆಯಲು ಹೇಳಿ ಇಷ್ಟು ನಿಮಿಷವಾದರೂ ನೀರಿನ ಬಿಸಿ ಏರದಿದ್ದರೆ ‘ಹಬೆ ಬರುತ್ತಿಲ್ಲ, ಬಾಯ್ಲರ್ ನೋಡಿ’ ಅಂತ ಬರಲಿ. ಎರಡೂ ಸಾಧ್ಯವಿಲ್ಲದಿದ್ದರೆ ‘ತೆರೆಯಲು ಹೇಳಲಾಗಿದೆ’ ಅಂತಷ್ಟೇ ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಸ್ಕ್ರೀನ್ ಹೇಳಬಾರದು.

ದಾರದ ದಪ್ಪದ ವಿಷಯಕ್ಕೂ ಇದು ಅನ್ವಯಿಸುತ್ತದೆ. 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 20/22 ಡೆನಿಯರ್, ಅಂದರೆ 20ರಿಂದ 22ರ ನಡುವಿನ ದಪ್ಪ, ಎಲ್ಲರಿಗೂ ಗೊತ್ತಿರುವ ಅಳತೆ. ಸಾಮಾನ್ಯವಾಗಿ ದಪ್ಪ ನೋಡುವ ಡೆನಿಯರ್ ಡಿಟೆಕ್ಟರಿನಲ್ಲಿ ಎಳೆ ಎರಡು ಗಾಜಿನ ಬಿಲ್ಲೆಗಳ ನಡುವಿನ ಸಂದಿಯಲ್ಲಿ ಹಾಯುತ್ತದೆ. ಎಳೆ ತೆಳುವಾದರೆ ಉಜ್ಜುವಿಕೆ ಕಡಿಮೆಯಾಗಿ ಡಿಟೆಕ್ಟರ್ ಅಲುಗುತ್ತದೆ, ಹೊಸ ಗೂಡು ಸೇರುತ್ತದೆ. ಅಂದರೆ ದಪ್ಪ ನಿರ್ಧಾರವಾಗುವುದು ಆ ಸಂದಿಯ ಗೇಜಿನಲ್ಲಿ, ಅಂದರೆ ಅಗಲದಲ್ಲಿ. ಸ್ಕ್ರೀನಿನಲ್ಲಿ 20/22 ಅಂತ ಆರಿಸಿದ ಮಾತ್ರಕ್ಕೆ ಗೇಜ್ ಬದಲಾಗುವುದಿಲ್ಲ. ಅಂಥ ಯಂತ್ರದಲ್ಲಿ ಸ್ಕ್ರೀನ್ ‘ಯಾವ ಗೇಜ್ ಹಾಕಿದ್ದೀರಿ?’ ಅಂತ ಕೇಳಿ ಬರೆದುಕೊಳ್ಳಬೇಕು. ತಾನೇ ಬದಲಾಯಿಸಿದ ಹಾಗೆ ತೋರಿಸಿಕೊಳ್ಳಬಾರದು.

ಹೆಜ್ಜೆ 5: ಶೆಡ್ಡಿನ ಮಾತು ಸ್ಕ್ರೀನಿಗೆ ಬರಲಿ

ಶೆಡ್ಡಿನಲ್ಲಿ ಏನು ಹೇಳುತ್ತಾರೋ ಅದನ್ನೇ ಬರೆಯಿರಿ. ‘ನೀರಿನ ಬಿಸಿ’, ‘ಗೂಡು ಹಾಕಿ’, ‘ಎಳೆ ಕಡಿದಿದೆ’. ಸ್ಪೀಡ್, ಮೋಟರ್, ಡೆನಿಯರ್ ಎಲ್ಲರ ಬಾಯಲ್ಲೂ ಇರುವ ಮಾತು, ಹಾಗೇ ಇರಲಿ. ನಿಘಂಟು ತೆಗೆದು ಹೊಸ ಪದ ಹುಡುಕುವ ಶ್ರಮ ಬೇಡ. ಅಂಕಿ 1, 2, 3 ಇರಲಿ. ಮೊಬೈಲಿನಲ್ಲೂ ತಕ್ಕಡಿಯಲ್ಲೂ ದಿನಾ ನೋಡುವುದು ಅದನ್ನೇ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ಕನ್ನಡದ ಜೊತೆ ತೆಲುಗು, ದಖನಿ ಉರ್ದು ಮಾತಾಡುವವರು ಒಂದೇ ಶೆಡ್ಡಿನಲ್ಲಿ ಇರುತ್ತಾರೆ. ಓದು ಬಾರದವರೂ ಇರುತ್ತಾರೆ. ಆದ್ದರಿಂದ ಪ್ರತಿ ಗುಂಡಿಗೂ ಚಿತ್ರ ಮತ್ತು ಪದ ಎರಡೂ ಬೇಕು. ಚಿತ್ರ ಅವರು ಕಂಡ ವಸ್ತುವಿನದೇ ಆಗಿರಲಿ: ಗೂಡು, ರೀಲು, ನೀರಿನ ತೊಟ್ಟಿ. ಹಲ್ಲುಚಕ್ರದ ಚಿತ್ರ ಸೆಟ್ಟಿಂಗ್ಸ್ ಅಂತ ಮೊಬೈಲ್ ಬಳಸುವವರಿಗೆ ಗೊತ್ತು, ಉಳಿದವರಿಗೆ ಅದು ಗೇರ್ ಬಾಕ್ಸ್.

ಇನ್ನು ಅಕ್ಷರದ ಸಮಸ್ಯೆ. ಹಳೆಯ ಹಾಗೂ ಅಗ್ಗದ ಪ್ಯಾನೆಲ್ ಸ್ಕ್ರೀನುಗಳಲ್ಲಿ, ಅಂದರೆ ಎಚ್‌ಎಂಐಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆಯುತ್ತದೆ. ‘ನಿಲ್ಲಿಸಿ’ ಹೋಗಿ ‘ನಿಲ್‌ಲಿಸಿ’ ಆಗುತ್ತದೆ. ಯಂತ್ರಾಂಶ ಕೊಳ್ಳುವ ಮುಂಚೆಯೇ ನಾಲ್ಕು ಪದ ಹಾಕಿ ನೋಡಿ: ನಿಲ್ಲಿಸಿ, ಅರ್ಧ, ಕೈ, ರಾಷ್ಟ್ರ. ಒತ್ತು, ಅರ್ಕಾವತ್ತು, ಐತ್ವ, ಎರಡು ಒತ್ತು ಕೆಳಗೆ ಬರುವುದು, ನಾಲ್ಕೂ ಪರೀಕ್ಷೆ ಆಗುತ್ತದೆ. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಸರಿ ಬಂತು ಅಂತ ನಂಬಬೇಡಿ, ನಿಜವಾದ ಪ್ಯಾನೆಲಿಗೆ ಹಾಕಿ ನೋಡಿ. ಒಡೆದರೆ ಪ್ರತಿ ಪದವನ್ನೂ ಚಿತ್ರವಾಗಿ ಮಾಡಿ ಹಾಕಬೇಕು. ಕೆಲಸ ಜಾಸ್ತಿ, ಮುಂದೆ ಒಂದು ಪದ ಬದಲಿಸಲೂ ಚಿತ್ರ ಬದಲಿಸಬೇಕು. ಆದರೂ ಒಡೆದ ಅಕ್ಷರಕ್ಕಿಂತ ಅದೇ ಮೇಲು.

ಸಾಲಿನ ನಡುವೆ ಜಾಗವನ್ನೂ ಹೆಚ್ಚು ಬಿಡಿ. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟಿನಲ್ಲಿ ಕನ್ನಡ ಕೂರಿಸಿದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ.

ಹೆಜ್ಜೆ 6: ಯಾವುದು ಟಚ್, ಯಾವುದು ನಿಜವಾದ ಗುಂಡಿ

ಓಡಿಸು, ನಿಲ್ಲಿಸು ಎರಡೂ ಒತ್ತಿದರೆ ಕೈಗೆ ಗೊತ್ತಾಗುವ ನಿಜವಾದ ಗುಂಡಿಗಳಾಗಿರಲಿ. ತುರ್ತು ನಿಲುಗಡೆಯಂತೂ ಟಚ್‌ಸ್ಕ್ರೀನಿನಲ್ಲಿ ಇರಲೇಬಾರದು. ಅದು ಕೆಂಪು ಅಣಬೆ ಆಕಾರದ ಗುಂಡಿ, ಹಿಂದೆ ಹಳದಿ. ತುರ್ತು ನಿಲುಗಡೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13850 ಹೇಳುವ ಪ್ರಕಾರ ಒತ್ತಿದರೆ ಅದು ಒಳಗೇ ನಿಲ್ಲಬೇಕು, ಬಿಡಿಸಿದ ಮಾತ್ರಕ್ಕೆ ಯಂತ್ರ ಓಡಬಾರದು. ಮತ್ತೆ ಓಡಿಸಲು ಬೇರೆಯಾಗಿ ಗುಂಡಿ ಒತ್ತಬೇಕು. ರೀಲಿಂಗ್ ಯಂತ್ರ ಶೆಡ್ಡಿನ ಉದ್ದಕ್ಕೂ ಚಾಚಿರುತ್ತದೆ, ಹಾಗಾಗಿ ಒಂದು ಗುಂಡಿ ಸಾಲದು. ಎಲ್ಲಿ ನಿಂತರೂ ಕೈಗೆ ಸಿಗುವಂತೆ ಹಲವು ಗುಂಡಿ ಬೇಕು, ಇಲ್ಲವೇ ಉದ್ದಕ್ಕೂ ಎಳೆಯುವ ಹಗ್ಗದ ಸ್ವಿಚ್ ಹಾಕಬೇಕು.

ಪಕ್ಕಪಕ್ಕದ ಗುಂಡಿಗಳು ಒಂದೇ ತರ ಇದ್ದರೆ ಏನಾಗುತ್ತದೆ ಅಂತ ಎರಡನೇ ಮಹಾಯುದ್ಧದ ಬಿ-17 ವಿಮಾನಗಳು ತೋರಿಸಿವೆ. ಇಳಿದ ಮೇಲೆ ರೆಕ್ಕೆಯ ಫ್ಲಾಪ್ ಎತ್ತಲು ಹೋಗಿ ಪೈಲಟ್‌ಗಳು ಚಕ್ರವನ್ನೇ ಮಡಚಿಬಿಡುತ್ತಿದ್ದರು. ಎರಡೂ ಸ್ವಿಚ್ ಹತ್ತಿರ ಹತ್ತಿರ, ಒಂದೇ ರೂಪ. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಪೈಲಟ್‌ಗಳನ್ನು ಬೈಯಲಿಲ್ಲ. ಒಂದರ ತುದಿಗೆ ರಬ್ಬರಿನ ಚಕ್ರ, ಇನ್ನೊಂದಕ್ಕೆ ರೆಕ್ಕೆಯಂಥ ಬೆಣೆ ಅಂಟಿಸುವಂತೆ ಮಾಡಿದರು. ಕಣ್ಣು ಮುಚ್ಚಿದರೂ ಕೈಗೆ ಗೊತ್ತಾಗುವ ಹಾಗಾಯಿತು. ಹಬೆಯಲ್ಲಿ ಕಣ್ಣು ಮಂಜಾಗುವ ಶೆಡ್ಡಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಟಚ್‌ಸ್ಕ್ರೀನ್ ಒತ್ತಡದಿಂದ ಕೆಲಸ ಮಾಡುವ ರೆಸಿಸ್ಟಿವ್ ಬಗೆಯದಾಗಿರಲಿ. ಮೊಬೈಲಿನಲ್ಲಿರುವ ಕೆಪ್ಯಾಸಿಟಿವ್ ಸ್ಕ್ರೀನ್ ಒದ್ದೆ ಕೈಗೆ ಸರಿಯಾಗಿ ಓಗೊಡುವುದಿಲ್ಲ, ನೀರು ಬಿದ್ದರೆ ತಾನಾಗಿ ಒತ್ತಿಕೊಳ್ಳಲೂಬಹುದು. ಮುಂಭಾಗ ಐಪಿ65 (ಧೂಳು, ಚಿಮ್ಮುವ ನೀರು ಒಳಹೋಗದ ದರ್ಜೆ) ಇರಬೇಕು. ಟಚ್ ಗುಂಡಿ ಕನಿಷ್ಠ 15 ಮಿಲಿಮೀಟರ್ ಚೌಕ ಇರಲಿ. 800×480 ಪಿಕ್ಸೆಲ್‌ನ ಏಳು ಇಂಚಿನ ಸ್ಕ್ರೀನಿನಲ್ಲಿ ಇದು ಸುಮಾರು 80 ಪಿಕ್ಸೆಲ್. ಒತ್ತಿದ ಕೂಡಲೇ ಗುಂಡಿಯ ರೂಪ ಬದಲಾಗಬೇಕು. ಪಿಎಲ್‌ಸಿಯಿಂದ ಉತ್ತರ ಬರುವವರೆಗೆ ಸ್ಕ್ರೀನ್ ಸುಮ್ನೆ ಇದ್ದರೆ ಜನ ಇನ್ನೊಮ್ಮೆ ಒತ್ತುತ್ತಾರೆ. ಅದೇ ಗುಂಡಿ ಓಡಿಸಲೂ ನಿಲ್ಲಿಸಲೂ ಇದ್ದರೆ ಎರಡನೇ ಒತ್ತು ಮೊದಲನೆಯದನ್ನು ಅಳಿಸಿಬಿಡುತ್ತದೆ.

ಹೆಜ್ಜೆ 7: ಅನುಭವಿಗಳ ಲೆಕ್ಕವನ್ನು ಮೊದಲೇ ತುಂಬಿಸಿಡಿ

ದ್ವಿತಳಿ ರೇಷ್ಮೆಹುಳುವಿನ ಗೂಡಿಗೆ ಒಂದು ಬಿಸಿ, ಒಂದು ವೇಗ. ಮಿಶ್ರತಳಿಗೆ ಬೇರೆ. ಮಳೆಗಾಲದ ಗೂಡಿಗೆ ಇನ್ನೊಂದು. ಹೊಸಬರಿಗೆ ಖಾಲಿ ಚೌಕ ಕೊಟ್ಟು ಅಂಕಿ ತುಂಬಿಸು ಅಂದರೆ ಅವರು ಎಲ್ಲಿಗೆ ಹೋಗಬೇಕು? ಶೆಡ್ಡಿನ ಅತ್ಯಂತ ನುರಿತ ಕೈಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಬಗೆಯ ಗೂಡಿಗೂ ಸೆಟ್ಟಿಂಗ್ ಬರೆಸಿಕೊಳ್ಳಿ, ಹೆಸರು ಕೊಟ್ಟು ಉಳಿಸಿ. ಹೊಸಬರು ಗೂಡಿನ ಬಗೆ ಆರಿಸಿದರೆ ಸಾಕು.

ಬದಲಾಯಿಸಲು ಬಿಡಿ, ಆದರೆ ಮಿತಿಯೊಳಗೆ. ಪ್ಲಸ್, ಮೈನಸ್ ಒತ್ತಿದರೆ ಸ್ವಲ್ಪ ಸ್ವಲ್ಪವೇ ಏರಿಳಿಯಲಿ, ಅಪಾಯದ ಅಂಕಿಗೆ ಹೋಗದೆ ನಿಲ್ಲಲಿ. ಪಕ್ಕದಲ್ಲೇ ‘ಮೊದಲಿನಂತೆ ಮಾಡು’ ಗುಂಡಿ ಇರಲಿ. ವಾಪಸ್ ಬರುವ ದಾರಿ ಕಂಡರೆ ಕಲಿಯುವ ಧೈರ್ಯ ಬರುತ್ತದೆ. ಎಲ್ಲದಕ್ಕೂ ಪಾಸ್‌ವರ್ಡ್ ಹಾಕುವುದು ಪರಿಹಾರ ಅಲ್ಲ. ಎರಡೇ ವಾರದಲ್ಲಿ ಆ ಪಾಸ್‌ವರ್ಡ್ ಪ್ಯಾನೆಲಿನ ಬಾಗಿಲ ಮೇಲೆ ಮಾರ್ಕರಿನಲ್ಲಿ ಬರೆದಿರುತ್ತದೆ. ಮೆಕ್ಯಾನಿಕ್ ಪುಟಕ್ಕೆ ಮಾತ್ರ ಬೀಗ ಸಾಕು.

ಹೆಜ್ಜೆ 8: ಎಚ್ಚರಿಕೆ ಅಂದರೆ ಒಂದು ಪೂರ್ತಿ ವಾಕ್ಯ

1985ರಿಂದ 1987ರ ನಡುವೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ಕೊಟ್ಟಿತು. ಮೂಲ ದೋಷ ಸಾಫ್ಟ್‌ವೇರಿನದು. ಆದರೆ ಅವುಗಳಲ್ಲಿ ಎರಡು ಸಲ ಸ್ಕ್ರೀನಿನಲ್ಲಿ ಬಂದದ್ದು ‘ಮಾಲ್‌ಫಂಕ್ಷನ್ 54’ ಅಂತ ಮಾತ್ರ. ಹಾಗೆಂದರೆ ಏನು ಅಂತ ನಡೆಸುವವರಿಗೆ ತಿಳಿಯುವ ದಾರಿ ಇರಲಿಲ್ಲ. ಇಂಥ ಸಂದೇಶ ದಿನಾ ಬರುತ್ತಿದ್ದರಿಂದ ಮುಂದುವರಿಸುವ ಕೀ ಒತ್ತುವುದು ಅಭ್ಯಾಸವಾಗಿಹೋಗಿತ್ತು. ನಂಬರ್ ಮಾತ್ರ ತೋರಿಸುವ ಅಲಾರಂ ನೋಡಿದಾಗೆಲ್ಲ ನನಗೆ ಈ ಘಟನೆ ನೆನಪಾಗುತ್ತದೆ.

ಪ್ರತಿ ಎಚ್ಚರಿಕೆಯಲ್ಲೂ ಏನಾಗಿದೆ, ಎಲ್ಲಿ, ಈಗ ಏನು ಮಾಡಬೇಕು ಅನ್ನುವ ಮೂರೂ ಬೇಕು. ‘ಎರರ್ 117’ ಬದಲು ‘7ನೇ ತೊಟ್ಟಿಯಲ್ಲಿ ನೀರು ಕಡಿಮೆ. ಎಡಗಡೆ ನಲ್ಲಿ ತೆರೆಯಿರಿ’. ‘ಓವರ್‌ಲೋಡ್ ಟ್ರಿಪ್’ ಬದಲು ‘ರೀಲಿನ ಮೋಟರ್ ನಿಂತಿದೆ. ರೀಲಿಗೆ ದಾರ ಸುತ್ತಿಕೊಂಡಿದೆಯಾ ನೋಡಿ. ಯಂತ್ರ ಆಫ್ ಮಾಡದೆ ಕೈ ಹಾಕಬೇಡಿ’. ಎರರ್ ನಂಬರ್ ಮೂಲೆಯಲ್ಲಿ ಚಿಕ್ಕದಾಗಿ ಇದ್ದರೆ ಮೆಕ್ಯಾನಿಕ್‌ಗೆ ಫೋನಿನಲ್ಲಿ ಹೇಳಲು ಅನುಕೂಲ.

ಕೆಲಸದವರು ಏನೂ ಮಾಡಬೇಕಾಗಿಲ್ಲದ ಸುದ್ದಿಗೆ ಅಲಾರಂ ಕೊಡಬೇಡಿ. 400 ಎಳೆಯಲ್ಲಿ ಒಂದು ಕಡಿಯುವುದು ಆಗಾಗ ಆಗುವ ಸಂಗತಿ, ಅದಕ್ಕೆ ಹೂಟರ್ ಬೇಡ. ಆ ಎಳೆಯ ಜಾಗದಲ್ಲೇ ಒಂದು ಸಣ್ಣ ದೀಪ ಹತ್ತಿದರೆ ಸಾಕು, ಹುಡುಕುವ ಕೆಲಸವೂ ತಪ್ಪುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಬಳಸುವ ಮಾರ್ಗಸೂಚಿಗಳು ಒಬ್ಬ ಆಪರೇಟರಿಗೆ ಸರಾಸರಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದು ಅನ್ನುತ್ತವೆ.

ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಓಡಬಾರದು. ಆ ಹೊತ್ತಿಗೆ ಯಾರಾದರೂ ರೀಲಿನ ಹತ್ತಿರ ಕೈಯಿಟ್ಟಿರಬಹುದು. ‘ಕರೆಂಟ್ ಹೋಗಿತ್ತು. ನೀರಿನ ಬಿಸಿ ಇಳಿದಿದೆ. ಬಿಸಿಯಾದ ಮೇಲೆ ಓಡಿಸಿ’ ಅಂತ ಸ್ಕ್ರೀನಿನಲ್ಲಿ ಬರಲಿ. ನಮ್ಮ ಕಡೆ ಇದು ದಿನದ ಮಾತು, ಆದ್ದರಿಂದ ಇದಕ್ಕೇ ಒಂದು ಪುಟ ಮಾಡಿ.

ಹೆಜ್ಜೆ 9: ಯಂತ್ರಕ್ಕೆ ಹಾಕುವ ಮುಂಚೆ ಕಾಗದದ ಮೇಲೆ ಪರೀಕ್ಷೆ

ಪುಟಗಳನ್ನು ನಿಜವಾದ ಅಳತೆಯಲ್ಲೇ ಪ್ರಿಂಟ್ ಮಾಡಿ, ರಟ್ಟಿಗೆ ಅಂಟಿಸಿ ಶೆಡ್ಡಿಗೆ ಒಯ್ಯಿರಿ. ಐದು ಜನರಿಗೆ ತೋರಿಸಿದರೆ ಬಹುಪಾಲು ತೊಂದರೆ ಹೊರಬೀಳುತ್ತದೆ ಅಂತ ಸ್ಕ್ರೀನ್ ಬಳಕೆಯ ಸುಲಭತೆ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಆ ಐವರಲ್ಲಿ ಮಾಲೀಕರು ಬೇಡ. ಹೊಸದಾಗಿ ಸೇರಿದವರು, ಕನ್ನಡಕ ಹಾಕುವ ವಯಸ್ಸಿನವರು, ಓದು ಕಡಿಮೆ ಇರುವವರು ಇರಲಿ.

ಹೇಗಿದೆ ಅಂತ ಕೇಳಬೇಡಿ. ಚೆನ್ನಾಗಿದೆ ಸಾರ್ ಅನ್ನುತ್ತಾರೆ, ಅಲ್ವಾ? ಕೆಲಸ ಕೊಡಿ. ‘ಈಗ ಮಿಶ್ರತಳಿ ಗೂಡು ಬಂದಿದೆ, ಏನು ಒತ್ತುತ್ತೀರಿ?’ ಅವರು ಬೆರಳಿಟ್ಟ ಕಡೆಯ ಪುಟವನ್ನು ಮುಂದಿಡಿ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. ಅವರು ತಡವರಿಸಿದಾಗ ಸಹಾಯ ಮಾಡಬೇಕು ಅನ್ನಿಸುತ್ತದೆ, ಮಾಡಬಾರದು. ಬೆರಳು ಗಾಳಿಯಲ್ಲಿ ನಿಂತ ಜಾಗವನ್ನು ಗುರುತು ಹಾಕಿಕೊಳ್ಳಿ. ಪರೀಕ್ಷೆ ಅವರದ್ದಲ್ಲ, ಕಾಗದದ್ದು ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಕೆಲಸ ಹೋಗುತ್ತದೇನೋ ಅಂತ ಹೆದರುತ್ತಾರೆ. ಇಬ್ಬರು ಒಂದೇ ಕಡೆ ನಿಂತರೆ ಆ ಪುಟ ಬದಲಾಗಬೇಕು.

ಹೆಜ್ಜೆ 10: ಹಾಕಿದ ಮೇಲೆ

ಪ್ಯಾನೆಲಿನ ಪಕ್ಕ ಒಂದು ನೋಟ್‌ಬುಕ್ ಕಟ್ಟಿ, ಪೆನ್ನು ದಾರದಲ್ಲಿ ನೇತುಹಾಕಿ. ಅರ್ಥವಾಗದ್ದು ಬಂದಾಗ ಸಮಯ ಬರೆದರೂ ಸಾಕು, ಪಿಎಲ್‌ಸಿಯ ದಾಖಲೆ ತೆಗೆದು ಏನಾಗಿತ್ತು ಅಂತ ನೀವು ಹುಡುಕಬಹುದು. ತಿಂಗಳಾದ ಮೇಲೆ ಮತ್ತೆ ಹೋಗಿ ಒಂದು ಪಾಳಿ ನಿಲ್ಲಿ. ಮೇಸ್ತ್ರಿಯನ್ನು ಕೂಗುವುದು ಕಡಿಮೆಯಾಗಿದೆಯಾ ನೋಡಿ. ಪ್ಯಾನೆಲಿನ ಮೇಲೆ ಯಾರಾದರೂ ಚೀಟಿ ಅಂಟಿಸಿದ್ದಾರಾ ನೋಡಿ. ಚೀಟಿ ಇದ್ದರೆ ಅದರಲ್ಲಿರುವ ಮಾತು ಸ್ಕ್ರೀನಿಗೆ ಸೇರಬೇಕು.

ಬದಲಾವಣೆ ಮಾಡುವಾಗ ಗುಂಡಿಗಳ ಜಾಗ ಕದಲಿಸಬೇಡಿ. ಕೈಗೆ ಆ ಜಾಗ ಅಭ್ಯಾಸವಾಗಿರುತ್ತದೆ. ಹೊಸದನ್ನು ಸೇರಿಸಬೇಕಾದರೆ ಖಾಲಿ ಜಾಗದಲ್ಲಿ ಸೇರಿಸಿ, ಏನು ಬದಲಾಯಿತು ಅಂತ ಎರಡೂ ಪಾಳಿಯವರಿಗೆ ಯಂತ್ರದ ಮುಂದೆಯೇ ತೋರಿಸಿ. ಪಿಎಲ್‌ಸಿ ಮತ್ತು ಎಚ್‌ಎಂಐ ಪ್ರೋಗ್ರಾಮಿನ ಒಂದೊಂದು ಪ್ರತಿಯನ್ನು ತಾರೀಖು ಹಾಕಿ ಮಾಲೀಕರ ಕೈಗೂ ಕೊಡಿ. ನಾಳೆ ಸ್ಕ್ರೀನ್ ಸುಟ್ಟುಹೋಗಿ ನಿಮ್ಮ ಫೋನ್ ಸಿಗದಿದ್ದರೂ ಬೇರೆಯವರು ಅದೇ ಪುಟಗಳನ್ನು ಹೊಸ ಪ್ಯಾನೆಲಿಗೆ ಹಾಕಿ ಯಂತ್ರ ಓಡಿಸಬಹುದು.